ಬಯಲು ರಂಗದ ಎಲ್‌ಇಡಿ ಬೆಳಕು: ಮಳೆಗೆ ಅಂಜದ ಕನೆಕ್ಟರ್ ಆರಿಸುವುದು ಹೇಗೆ?

ದೀಪಾವಳಿ ಕಳೆಯುತ್ತಿದ್ದಂತೆ ಕರಾವಳಿಯ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯವರೆಗೂ ಕೊಯ್ಲು ಮುಗಿದ ಗದ್ದೆಗಳಲ್ಲಿ, ದೇವಸ್ಥಾನಗಳ ಅಂಗಣಗಳಲ್ಲಿ, ಶಾಲಾ ಮೈದಾನಗಳಲ್ಲಿ ರಂಗಸ್ಥಳಗಳು ಸಜ್ಜಾಗುತ್ತವೆ. ಒಂದು ಕಾಲದಲ್ಲಿ ದೀವಟಿಗೆಯ ಬೆಳಕಿನಲ್ಲಿ, ಬಳಿಕ ಗ್ಯಾಸ್‌ಲೈಟಿನ ಬೆಳಕಿನಲ್ಲಿ ನಡೆಯುತ್ತಿದ್ದ ಬಯಲಾಟ ಇಂದು ಎಲ್‌ಇಡಿ ದೀಪಗಳ ಬಣ್ಣದಲ್ಲಿ ಮೀಯುತ್ತಿದೆ. ಯಕ್ಷಗಾನವಷ್ಟೇ ಅಲ್ಲ; ನೇಮ, ಕಂಬಳ, ಮೊಸರುಕುಡಿಕೆ, ಸಾರ್ವಜನಿಕ ಗಣೇಶೋತ್ಸವ, ನಾಟಕ, ಆರ್ಕೆಸ್ಟ್ರಾ ಎಲ್ಲಕ್ಕೂ ಶಾಮಿಯಾನ ಮತ್ತು ಧ್ವನಿವರ್ಧಕದ ಜತೆಗೆ ಬಾಡಿಗೆಯ ಎಲ್‌ಇಡಿ ದೀಪಗಳು ಬಂದಿಳಿಯುತ್ತವೆ.

ಆದರೆ ಬಯಲು ಎಂದರೆ ಆಕಾಶದ ಕೆಳಗಿನ ಜಾಗ. ಡಿಸೆಂಬರ್ ರಾತ್ರಿಗಳ ಇಬ್ಬನಿಗೆ ಕೇಬಲ್‌ಗಳು ತೊಯ್ದು ತೊಪ್ಪೆಯಾಗುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಮಳೆ ಮುನ್ಸೂಚನೆಯನ್ನೇ ಕೊಡದೆ ಸುರಿಯುವುದುಂಟು. ಮೊಸರುಕುಡಿಕೆ ಮತ್ತು ಗಣೇಶ ಚತುರ್ಥಿಗಳಂತೂ ಮಳೆಗಾಲದೊಳಗೇ ಬರುವ ಹಬ್ಬಗಳು. ಇಂತಹ ಸಂದರ್ಭದಲ್ಲಿ ಬಾಡಿಗೆದಾರರೂ ಸಂಘಟಕರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆ, ದೀಪ ವಾಟರ್‌ಪ್ರೂಫ್ ಹೌದೇ ಎಂಬುದು. ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ದೀಪಕ್ಕೆ ವಿದ್ಯುತ್ ತರುವ ಜೋಡಣೆ ನೀರನ್ನು ತಡೆಯುತ್ತದೆಯೇ? ಮಳೆಯಲ್ಲಿ ಅಪಾಯ ಮೊದಲು ಕಾಣಿಸಿಕೊಳ್ಳುವುದು ದೀಪದೊಳಗಲ್ಲ, ಕೇಬಲ್ ಮತ್ತು ದೀಪ ಕೂಡುವ ಕನೆಕ್ಟರ್‌ನಲ್ಲಿ.

ಎಲ್‌ಇಡಿ ತಂದ ಬದಲಾವಣೆ

ಹಳೆಯ ಪಾರ್ 64 ದೀಪಗಳಲ್ಲಿ ಒಂದೊಂದು ಬಲ್ಬ್ ಸಾಮಾನ್ಯವಾಗಿ 1000 ವ್ಯಾಟ್‌ನದು. ಒಂದು ದೀಪಕ್ಕೆ ಒಂದು ಕೇಬಲ್ ಎಂಬಂತೆ ಡಿಮ್ಮರ್ ಪೆಟ್ಟಿಗೆಯಿಂದ ತಂತಿಗಳು ಹೊರಡುತ್ತಿದ್ದವು. ಡಿಮ್ಮರ್ ಇರುತ್ತಿದ್ದುದು ರಂಗದ ಹಿಂಬದಿಯಲ್ಲಿ, ಮಾಡಿನ ಕೆಳಗೆ. ಹೀಗಾಗಿ ಜೋಡಣೆಗಳಲ್ಲಿ ಹೆಚ್ಚಿನವು ಒಂದೇ ಕಡೆ, ಒಣ ಜಾಗದಲ್ಲಿ ಇರುತ್ತಿದ್ದವು.

ಎಲ್‌ಇಡಿ ಪಾರ್ ದೀಪಕ್ಕೆ ಸುಮಾರು 150ರಿಂದ 200 ವ್ಯಾಟ್ ಸಾಕು. ಹೀಗಾಗಿ ದೀಪದ ಹಿಂಬದಿಯಲ್ಲಿ ವಿದ್ಯುತ್ ಒಳಬರುವ ಒಂದು ಸಾಕೆಟ್, ಮುಂದಿನ ದೀಪಕ್ಕೆ ಹೊರಹೋಗುವ ಇನ್ನೊಂದು ಸಾಕೆಟ್ ಇರುತ್ತವೆ. ಮೊದಲ ದೀಪದಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಎಂಬಂತೆ ಹಾರದ ಹೂವುಗಳ ಹಾಗೆ ಪೋಣಿಸುತ್ತ ಹೋಗಬಹುದು. ಕೆಲಸ ಸುಲಭ, ಕೇಬಲ್ ಕಡಿಮೆ. ಆದರೆ ಜೋಡಣೆಗಳ ಸಂಖ್ಯೆಯನ್ನು ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ. 12 ದೀಪಗಳ ಒಂದು ಸಾಲಿನಲ್ಲಿ ದೀಪಗಳ ಬಳಿಯೇ 24 ಸಾಕೆಟ್‌ಗಳಿವೆ. ಅವುಗಳಲ್ಲಿ 23ಕ್ಕೆ ಕೇಬಲ್ ಜೋಡಿಸಲಾಗಿರುತ್ತದೆ; ಕೊನೆಯ ದೀಪದ ಹೊರಹೋಗುವ ಸಾಕೆಟ್ ಖಾಲಿ ಉಳಿಯುತ್ತದೆ. ಈ 24 ಜಾಗಗಳೂ ರಂಗದ ಅಂಚಿನಲ್ಲಿ, ಹುಲ್ಲಿನ ಮೇಲೆ, ಕಂಬದ ತುದಿಯಲ್ಲಿ, ಅಂದರೆ ಮಳೆ ಬೀಳುವಲ್ಲಿಯೇ ಇವೆ. ಮತ್ತು ಪ್ರತಿಯೊಂದರಲ್ಲೂ ಹರಿಯುತ್ತಿರುವುದು 230 ವೋಲ್ಟ್.

ಎಂಸಿಬಿಗೆ ಕಾಣದ ಪ್ರವಾಹ

ಮನೆಯ ಮೀಟರ್ ಬೋರ್ಡಿನಲ್ಲಿ ಎಂಸಿಬಿ ಇದ್ದರೆ ಸಾಕು, ಶಾಕ್ ಹೊಡೆದಾಗ ಅದು ತಾನಾಗಿ ಬೀಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅಪಾಯಕಾರಿ ನಂಬಿಕೆ. ಒದ್ದೆಯಾದ ದೇಹದ ವಿದ್ಯುತ್ ರೋಧವನ್ನು ಸುಮಾರು 1000 ಓಮ್ ಎಂದು ಹಿಡಿದರೆ, 230 ವೋಲ್ಟ್ ತಗುಲಿದಾಗ ದೇಹದ ಮೂಲಕ ಹರಿಯುವುದು ಸುಮಾರು 230 ಮಿಲಿಆಂಪಿಯರ್. ಅಂದರೆ ಒಂದು ಆಂಪಿಯರ್‌ನ ಕಾಲು ಭಾಗಕ್ಕಿಂತಲೂ ಕಡಿಮೆ. 16 ಆಂಪಿಯರ್ ಎಂಸಿಬಿಗೆ ಇದು ಒಂದು ಸಣ್ಣ ಬಲ್ಬ್ ಉರಿದಂತೆ. ಅದು ಅಲುಗುವುದೂ ಇಲ್ಲ.

ಮನುಷ್ಯ ದೇಹದ ಲೆಕ್ಕವೇ ಬೇರೆ. ಸುಮಾರು 1 ಮಿಲಿಆಂಪಿಯರ್‌ಗೆ ಜುಮ್ಮೆನ್ನುವ ಅನುಭವವಾಗುತ್ತದೆ. 10 ಮಿಲಿಆಂಪಿಯರ್ ಆಸುಪಾಸಿನಲ್ಲಿ ಸ್ನಾಯುಗಳು ಬಿಗಿದು ಹಿಡಿದ ವಸ್ತುವನ್ನು ಬಿಡಲಾಗುವುದಿಲ್ಲ. 30 ಮಿಲಿಆಂಪಿಯರ್ ದಾಟಿ ಸ್ವಲ್ಪ ಹೊತ್ತು ಹರಿದರೆ ಉಸಿರಾಟ ಮತ್ತು ಹೃದಯದ ಲಯ ತಪ್ಪುವ ಸಂಭವವಿದೆ. ಒದ್ದೆ ನೆಲದಲ್ಲಿ ಪಾದರಕ್ಷೆಯಿಲ್ಲದೆ ಕುಣಿಯುವ ಕಲಾವಿದ, ಬೆವರಿನಲ್ಲಿ ತೊಯ್ದ ವೇಷ, ಕೈಗೆಟಕುವ ದೂರದಲ್ಲಿ ಲೋಹದ ದೀಪ ಅಥವಾ ಕಬ್ಬಿಣದ ಕಂಬ: ವಿದ್ಯುತ್ ಅಪಾಯಕ್ಕೆ ಬೇಕಾದ ಎಲ್ಲವೂ ಬಯಲಾಟದ ರಂಗದಲ್ಲಿ ಒಟ್ಟಾಗಿಯೇ ಇರುತ್ತವೆ. ರಂಗದ ಅಂಚಿಗೆ ಬಂದು ಕುಳಿತುಕೊಳ್ಳುವ ಮಕ್ಕಳನ್ನೂ ಈ ಲೆಕ್ಕದಲ್ಲಿ ಮರೆಯುವಂತಿಲ್ಲ.

ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡುವುದಿಲ್ಲ. ಆದರೆ ಮಣ್ಣು, ಧೂಳು, ಕಡಲ ಗಾಳಿಯ ಉಪ್ಪು ಸೇರಿದ ನೀರು ಉತ್ತಮ ವಾಹಕ. ಕನೆಕ್ಟರ್‌ನೊಳಗೆ ಇಂತಹ ನೀರು ಸೇರಿದಾಗ ಫೇಸ್ ಪಿನ್ನಿನಿಂದ ಹೊರಮೈಗೆ ಸಣ್ಣ ದಾರಿಯೊಂದು ತೆರೆದುಕೊಳ್ಳುತ್ತದೆ. ದೀಪ ಎಂದಿನಂತೆಯೇ ಉರಿಯುತ್ತಿರುತ್ತದೆ; ಏನೋ ತಪ್ಪಿದೆ ಎಂಬ ಸುಳಿವು ಯಾರಿಗೂ ಸಿಗುವುದಿಲ್ಲ.

ಐಪಿ ಸಂಖ್ಯೆ ಹೇಳುವುದೇನು?

ವಿದ್ಯುತ್ ಉಪಕರಣಗಳ ಮೇಲೆ ಐಪಿ44, ಐಪಿ65, ಐಪಿ67 ಎಂದು ಮುದ್ರಿಸಿರುವುದನ್ನು ಕಾಣಬಹುದು. ಇದು ಐಇಸಿ 60529 ಎಂಬ ಅಂತಾರಾಷ್ಟ್ರೀಯ ಮಾನದಂಡದ ಭಾಷೆ. ಮೊದಲ ಅಂಕಿ ಧೂಳು ಮತ್ತಿತರ ಘನವಸ್ತುಗಳಿಂದ ದೊರೆಯುವ ರಕ್ಷಣೆಯನ್ನೂ, ಎರಡನೆಯದು ನೀರಿನಿಂದ ದೊರೆಯುವ ರಕ್ಷಣೆಯನ್ನೂ ಸೂಚಿಸುತ್ತದೆ.

ಮೊದಲ ಅಂಕಿ 4 ಆಗಿದ್ದರೆ 1 ಮಿಲಿಮೀಟರ್‌ಗಿಂತ ದಪ್ಪದ ವಸ್ತು ಒಳಹೋಗದು. 6 ಆಗಿದ್ದರೆ ಧೂಳು ಕೂಡ ಹೋಗದು. ಎರಡನೆಯ ಅಂಕಿ 4 ಎಂದರೆ ಯಾವುದೇ ದಿಕ್ಕಿನಿಂದ ಸಿಡಿಯುವ ನೀರಿಗೆ ತಡೆ. 5 ಎಂದರೆ ಕೊಳವೆಯಿಂದ ಚಿಮ್ಮುವ ನೀರಿನ ಧಾರೆಗೆ ತಡೆ. 6 ಎಂದರೆ ಇನ್ನೂ ಜೋರಾದ ಧಾರೆಗೆ. 7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಹಾನಿಯಾಗದು. 8 ಎಂದರೆ ತಯಾರಕರು ಹೇಳಿದ ಷರತ್ತಿನಂತೆ ಅದಕ್ಕಿಂತಲೂ ಕಠಿಣವಾದ ಮುಳುಗಡೆ.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಒಂದು, ದೊಡ್ಡ ಅಂಕಿಯಲ್ಲಿ ಚಿಕ್ಕ ಅಂಕಿ ತಾನಾಗಿ ಅಡಗಿರುವುದಿಲ್ಲ. ಮುಳುಗುವ ಪರೀಕ್ಷೆಯಲ್ಲಿ ಗೆದ್ದ ಐಪಿ67 ವಸ್ತು ಧಾರೆಯ ಪರೀಕ್ಷೆಯಲ್ಲಿಯೂ ಗೆದ್ದಿದೆ ಎಂದು ಹೇಳಲಾಗದು. ಎರಡರಲ್ಲೂ ಗೆದ್ದಿದ್ದರೆ ತಯಾರಕರು ಎರಡೂ ಸಂಖ್ಯೆಗಳನ್ನು ನಮೂದಿಸುತ್ತಾರೆ. ಎರಡು, ಈ ಪರೀಕ್ಷೆ ನಡೆಯುವುದು ಹೊಚ್ಚ ಹೊಸ ವಸ್ತುವಿನ ಮೇಲೆ, ಸಿಹಿ ನೀರಿನಲ್ಲಿ. ಐದು ವರ್ಷ ಬಿಸಿಲಿನಲ್ಲಿ ಬೆಂದು ಬಿರುಕುಬಿಟ್ಟ ರಬ್ಬರ್ ವಾಷರ್ ಇರುವ ಕನೆಕ್ಟರ್‌ಗೆ ಅದೇ ಸಂಖ್ಯೆ ಸಲ್ಲದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಕನೆಕ್ಟರ್‌ಗೆ ನೀಡುವ ಸಂಖ್ಯೆ ಸಾಮಾನ್ಯವಾಗಿ ಗಂಡು ಮತ್ತು ಹೆಣ್ಣು ಭಾಗಗಳು ಪೂರ್ಣವಾಗಿ ಕೂಡಿ, ತಿರುಗಿಸಿ ಬಿಗಿದ ಸ್ಥಿತಿಗೆ ಮಾತ್ರ ಅನ್ವಯಿಸುತ್ತದೆ. ಬಾಯಿ ತೆರೆದುಕೊಂಡಿರುವ ಸಾಕೆಟ್‌ಗೆ ಅದರದೇ ಮುಚ್ಚಳ ಬೇಕು. ಸಾಲಿನ ಕೊನೆಯ ದೀಪದ ಖಾಲಿ ಸಾಕೆಟ್ ನೆನಪಿಗೆ ಬರಬೇಕಾದುದು ಇಲ್ಲಿಯೇ. ಉಳಿದ 23 ಜೋಡಣೆಗಳು ಎಷ್ಟೇ ಭದ್ರವಾಗಿದ್ದರೂ, ಮುಚ್ಚಳವಿಲ್ಲದ ಆ ಒಂದರೊಳಗೆ ನೀರು ಹೊಕ್ಕರೆ ಇಡೀ ಸಾಲು ಅಪಾಯದಲ್ಲಿದೆ.

ಮಾರುಕಟ್ಟೆಯಲ್ಲಿ ಯಾವ್ಯಾವುದಿದೆ?

ಮೊದಲನೆಯದು ನಮ್ಮೆಲ್ಲರ ಮನೆಯ ಮೂರು ಪಿನ್ ಪ್ಲಗ್. ಗೋಡೆಯ ಸಾಕೆಟ್‌ಗಾಗಿ ರೂಪಿಸಿದ ಇದಕ್ಕೆ ನೀರಿನ ರಕ್ಷಣೆ ಇಲ್ಲ, ಎಳೆದರೆ ಕಳಚಿಬರುತ್ತದೆ. ಬಯಲಿನಲ್ಲಿ ನೆಲದ ಮೇಲಿಡುವ ಎಕ್ಸ್‌ಟೆನ್ಶನ್ ಬೋರ್ಡ್‌ಗಳೂ ಇದೇ ವರ್ಗಕ್ಕೆ ಸೇರಿದವು. ಇವುಗಳ ಸ್ಥಾನ ಮಾಡಿನ ಕೆಳಗೆ ಮಾತ್ರ.

ಎರಡನೆಯದು ಕಂಪ್ಯೂಟರ್ ಕೇಬಲ್ ಎಂದು ಎಲ್ಲರೂ ಕರೆಯುವ, ಐಇಸಿ ಸಿ13 ಎಂಬ ಹೆಸರಿನ ಕನೆಕ್ಟರ್. ಒಳಾಂಗಣದ ಅಗ್ಗದ ಎಲ್‌ಇಡಿ ದೀಪಗಳಲ್ಲಿ ಇದು ಸಾಮಾನ್ಯ. 10 ಆಂಪಿಯರ್ ಸಾಮರ್ಥ್ಯದ ಇದಕ್ಕೆ ಸಾಮಾನ್ಯವಾಗಿ ಬಿಗಿಯುವ ಕೊಂಡಿಯೂ ಇಲ್ಲ, ನೀರಿನ ರಕ್ಷಣೆಯೂ ಇಲ್ಲ. ಇಂತಹ ಸಾಕೆಟ್ ಇರುವ ದೀಪವನ್ನು ಬಯಲಿಗೆ ಒಯ್ಯದಿರುವುದೇ ಲೇಸು.

ಮೂರನೆಯದು ಲಿಚ್ಟೆನ್‌ಸ್ಟೈನ್ ದೇಶದ ನ್ಯೂಟ್ರಿಕ್ ಸಂಸ್ಥೆ ರೂಪಿಸಿದ ಪವರ್‌ಕಾನ್. ಒಳಬರುವ ವಿದ್ಯುತ್ತಿಗೆ ನೀಲಿ, ಹೊರಹೋಗುವುದಕ್ಕೆ ಬೂದು ಬಣ್ಣ. ಒತ್ತಿ ತಿರುಗಿಸಿದರೆ ಕೊಂಡಿ ಬೀಳುತ್ತದೆ. ನೀಲಿ ಪ್ಲಗ್ ಬೂದು ಸಾಕೆಟ್‌ಗೆ ಹೋಗದಂತೆ ಗಾಡಿಗಳ ಆಕಾರವನ್ನೇ ಬೇರೆ ಮಾಡಲಾಗಿದೆ. 20 ಆಂಪಿಯರ್ ಸಾಮರ್ಥ್ಯದ ಈ ಕನೆಕ್ಟರ್ ವೇದಿಕೆ ಬೆಳಕಿನ ಲೋಕದಲ್ಲಿ ಬಹುಬೇಗ ನೆಲೆಯೂರಿತು. ಆದರೆ ಇದು ಮಳೆಗಾಗಿ ರೂಪಿಸಿದ ವಸ್ತುವಲ್ಲ. ಜತೆಗೆ, ದೀಪ ಉರಿಯುತ್ತಿರುವಾಗ ಇದನ್ನು ಜೋಡಿಸುವುದಾಗಲಿ ಕಳಚುವುದಾಗಲಿ ಕೂಡದು ಎಂಬುದು ತಯಾರಕರದೇ ಎಚ್ಚರಿಕೆ.

ನಾಲ್ಕನೆಯದು ಅದೇ ಸಂಸ್ಥೆಯ ಪವರ್‌ಕಾನ್ ಟ್ರೂ1, ಮತ್ತು ಅದರ ಸುಧಾರಿತ ರೂಪವಾದ ಟ್ರೂ1 ಟಾಪ್. ಇದರ ಸಾಮರ್ಥ್ಯ 16 ಆಂಪಿಯರ್. ಕೂಡಿಸಿದ ಸ್ಥಿತಿಯಲ್ಲಿ ಐಪಿ65 ರಕ್ಷಣೆ ಇದೆ. ಟಾಪ್ ಮಾದರಿಯನ್ನು ಬಿಸಿಲಿನ ಅತಿನೇರಳೆ ಕಿರಣಕ್ಕೂ ತಾಳುವಂತೆ ಮಾಡಲಾಗಿದೆ. ವಿದ್ಯುತ್ ಹರಿಯುತ್ತಿರುವಾಗಲೇ ಕಳಚಿದರೂ ಕಿಡಿಯನ್ನು ತಾಳಿಕೊಳ್ಳುವ ಸಾಮರ್ಥ್ಯ ಇದಕ್ಕಿದೆ. ಇನ್ನೊಂದು ಅನುಕೂಲವೆಂದರೆ, ಇದರ ಒಂದು ಕೇಬಲ್‌ನ ತುದಿ ಮತ್ತೊಂದು ಕೇಬಲ್‌ಗೆ ನೇರವಾಗಿ ಕೂಡುತ್ತದೆ. ಹಳೆಯ ಪವರ್‌ಕಾನ್‌ನಲ್ಲಿ ಹೀಗೆ ಉದ್ದ ಮಾಡಲು ನಡುವೆ ಪ್ರತ್ಯೇಕ ಜೋಡಕ ಬೇಕಾಗುತ್ತಿತ್ತು. ಹೆಸರು ಒಂದೇ ಬಗೆಯದಾದರೂ ಹಳೆಯ ಪವರ್‌ಕಾನ್ ಮತ್ತು ಟ್ರೂ1 ಒಂದಕ್ಕೊಂದು ಕೂಡುವುದಿಲ್ಲ. ಕೊಳ್ಳುವಾಗ ಇದನ್ನು ಮರೆತರೆ ಕಾರ್ಯಕ್ರಮದ ಸಂಜೆ ಪೇಚಾಟ ಕಟ್ಟಿಟ್ಟದ್ದು.

ಐದನೆಯದು ಹೊರಾಂಗಣದ ಎಲ್‌ಇಡಿ ಪಾರ್‌ಗಳಲ್ಲಿ ಬರುವ, ದೀಪದಿಂದ ಬಾಲದಂತೆ ಹೊರಬಂದ ಕೇಬಲ್‌ನ ತುದಿಯಲ್ಲಿರುವ, ಮರೆಯನ್ನು ತಿರುಗಿಸಿ ಬಿಗಿಯುವ ಮೂರು ಪಿನ್ ಕನೆಕ್ಟರ್. ಹೊಸದಿರುವಾಗ ಇದು ನೀರನ್ನು ಚೆನ್ನಾಗಿಯೇ ತಡೆಯುತ್ತದೆ. ತೊಂದರೆ ಇರುವುದು ಏಕರೂಪತೆಯಲ್ಲಿ. ಒಬ್ಬ ತಯಾರಕರದು ಇನ್ನೊಬ್ಬರದಕ್ಕೆ ಕೂಡದಿರಬಹುದು. ಮುರಿದರೆ ಅದೇ ಬಗೆಯದು ಮತ್ತೆ ಸಿಗದಿರಬಹುದು. ಇಂತಹ ದೀಪ ಕೊಳ್ಳುವವರು ಬಿಡಿ ಕನೆಕ್ಟರ್‌ಗಳನ್ನೂ ಮುಚ್ಚಳಗಳನ್ನೂ ದೀಪದ ಜತೆಗೇ ಕೊಂಡಿಡುವುದು ಜಾಣತನ. ಒಂದೊಮ್ಮೆ ಸ್ಥಾಪಿಸಿ ತಿಂಗಳುಗಟ್ಟಲೆ ಬಿಡುವ ಅಲಂಕಾರಕ್ಕೆ ಇವು ಸೂಕ್ತ. ದಿನಕ್ಕೊಂದು ಊರಿನಲ್ಲಿ ಬಿಚ್ಚಿ ಕಟ್ಟುವ ತಿರುಗಾಟಕ್ಕೆ ಮರೆಗಳು ಬೇಗ ಸವೆಯುತ್ತವೆ.

ಆರನೆಯದು ಕೈಗಾರಿಕೆಗಳಲ್ಲಿ ಬಳಕೆಯಲ್ಲಿರುವ, ಐಇಸಿ 60309 ಮಾನದಂಡದ ದಪ್ಪ ದುಂಡು ಪ್ಲಗ್. 230 ವೋಲ್ಟ್‌ನದಕ್ಕೆ ನೀಲಿ, 400 ವೋಲ್ಟ್‌ನ ಮೂರು ಫೇಸ್‌ನದಕ್ಕೆ ಕೆಂಪು ಬಣ್ಣ. 16, 32, 63, 125 ಆಂಪಿಯರ್‌ಗಳಲ್ಲಿ ದೊರೆಯುತ್ತದೆ. ಸ್ಪ್ರಿಂಗ್ ಮುಚ್ಚಳದ ಬಗೆ ಐಪಿ44. ಉಂಗುರ ತಿರುಗಿಸಿ ಬಿಗಿಯುವ ಬಗೆ ಐಪಿ67. ಐಪಿ67 ಪ್ಲಗ್ಗನ್ನು ಐಪಿ44 ಸಾಕೆಟ್‌ಗೆ ಹಾಕಿದರೆ ಸಿಗುವುದು ಐಪಿ44 ರಕ್ಷಣೆ ಮಾತ್ರ. ದೀಪದ ಹಿಂದೆ ಕೂರಿಸಲಾಗದಷ್ಟು ದೊಡ್ಡದಾದ ಈ ಕನೆಕ್ಟರ್ ಜನರೇಟರ್‌ನಿಂದ ರಂಗದ ವಿತರಣಾ ಪೆಟ್ಟಿಗೆಯವರೆಗಿನ ಮುಖ್ಯ ಕೇಬಲ್‌ಗೆ ಅತ್ಯಂತ ಸೂಕ್ತ.

ಹೀಗಾಗಿ ಬಯಲು ರಂಗಕ್ಕೆ ಒಪ್ಪುವ ವ್ಯವಸ್ಥೆ ಇಷ್ಟೇ: ವಿದ್ಯುತ್ ಮೂಲದಿಂದ ಪೆಟ್ಟಿಗೆಯವರೆಗೆ ಐಇಸಿ 60309, ಪೆಟ್ಟಿಗೆಯಿಂದ ದೀಪಗಳಿಗೆ ಟ್ರೂ1 ಟಾಪ್ ಅಥವಾ ಅದಕ್ಕೆ ಸಮನಾದ, ಕೂಡಿಸಿದಾಗ ಐಪಿ65 ರಕ್ಷಣೆ ನೀಡುವ ಒಂದೇ ಬಗೆಯ ಕನೆಕ್ಟರ್. ನೋಟಕ್ಕೆ ಒಂದೇ ರೀತಿಯಿರುವ ಅಗ್ಗದ ಅನುಕರಣೆಗಳೂ ಮಾರುಕಟ್ಟೆಯಲ್ಲಿವೆ. ಆಂಪಿಯರ್, ವೋಲ್ಟ್ ಮತ್ತು ಐಪಿ ಸಂಖ್ಯೆಗಳನ್ನು ಮೈಮೇಲೆ ಅಥವಾ ವಿವರಪಟ್ಟಿಯಲ್ಲಿ ನಮೂದಿಸದ ವಸ್ತುವನ್ನು ಕೊಳ್ಳದಿರುವುದು ಒಳ್ಳೆಯದು.

ಕೇಬಲ್ ಸರಿಯಿಲ್ಲದಿದ್ದರೆ ಕನೆಕ್ಟರ್ ವ್ಯರ್ಥ

ಕನೆಕ್ಟರ್‌ನ ಮುಂಭಾಗದಲ್ಲಿ ಎಷ್ಟು ಗಮನವಿಡುತ್ತೇವೆಯೋ ಅಷ್ಟೇ ಗಮನ ಹಿಂಭಾಗಕ್ಕೂ ಬೇಕು. ಕೇಬಲ್ ಒಳಹೋಗುವಲ್ಲಿ ಗ್ಲ್ಯಾಂಡ್ ಎಂಬ ರಬ್ಬರ್ ಹಿಡಿಕೆ ಇರುತ್ತದೆ. ಅದು ನಿರ್ದಿಷ್ಟ ದಪ್ಪದ ದುಂಡು ಕೇಬಲ್‌ಗೆ ಮಾತ್ರ ಬಿಗಿಯಾಗಿ ಕೂರುತ್ತದೆ. ತೆಳ್ಳಗಿನ ಕೇಬಲ್ ಹಾಕಿ ಇನ್ಸುಲೇಶನ್ ಟೇಪ್ ಸುತ್ತಿ ದಪ್ಪ ಮಾಡುವ ಅಭ್ಯಾಸ ಹಲವೆಡೆ ಕಂಡುಬರುತ್ತದೆ. ಚಪ್ಪಟೆ ಕೇಬಲ್ ಬಳಸುವವರೂ ಇದ್ದಾರೆ. ಎರಡೂ ಸಂದರ್ಭಗಳಲ್ಲಿ ನೀರು ಕೇಬಲ್‌ನ ಮೈಗುಂಟ ಹರಿದು ಹಿಂಬಾಗಿಲಿನಿಂದ ಒಳಸೇರುತ್ತದೆ. ಕೊಳ್ಳುವ ಮುನ್ನ ಕೇಬಲ್‌ನ ಹೊರವ್ಯಾಸವನ್ನು ಅಳೆದು, ಕನೆಕ್ಟರ್‌ನ ವಿವರಪಟ್ಟಿಯಲ್ಲಿ ಹೇಳಿರುವ ಮಿತಿಯೊಳಗಿದೆಯೇ ಎಂದು ನೋಡಬೇಕು.

ಹೊರಹೊದಿಕೆ ರಬ್ಬರ್‌ನದಾದರೆ ಉತ್ತಮ. ಸಾಮಾನ್ಯ ಪಿವಿಸಿ ಹೊದಿಕೆ ಬಿಸಿಲಿನಲ್ಲಿ ಕಾಲಕ್ರಮೇಣ ಗಡುಸಾಗಿ ಬಿರಿಯುತ್ತದೆ. ಅರ್ಥ್ ತಂತಿಯೂ ಸೇರಿದ ಮೂರು ಎಳೆಗಳ ಕೇಬಲ್ಲೇ ಬೇಕು. ಎರಡು ಎಳೆಗಳ ತಂತಿಗೆ ರಂಗದಲ್ಲಿ ಜಾಗವಿಲ್ಲ.

ತಾಮ್ರದ ದಪ್ಪವೂ ಮುಖ್ಯ. 1.5 ಚದರ ಮಿಲಿಮೀಟರ್ ಕೇಬಲ್ ಅನ್ನು 50 ಮೀಟರ್ ಎಳೆದು 10 ಆಂಪಿಯರ್ ಹರಿಸಿದರೆ, ಹೋಗಿ ಬರುವ ದಾರಿಯಲ್ಲಿ ಸುಮಾರು 13 ವೋಲ್ಟ್ ನಷ್ಟವಾಗುತ್ತದೆ. 2.5 ಚದರ ಮಿಲಿಮೀಟರ್‌ನದಾದರೆ ನಷ್ಟ ಸುಮಾರು 8 ವೋಲ್ಟ್. ಹಳ್ಳಿಯ ಕಡೆ ಮೊದಲೇ ವೋಲ್ಟೇಜ್ ಕುಸಿದಿರುವ ರಾತ್ರಿಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಒಂದು ಸಾಲಿಗೆ ಎಷ್ಟು ದೀಪ?

16 ಆಂಪಿಯರ್ ಅನ್ನು 230 ವೋಲ್ಟ್‌ನಿಂದ ಗುಣಿಸಿದರೆ 3680. 200 ವ್ಯಾಟ್‌ನ ದೀಪಗಳಾದರೆ 18ನ್ನು ಪೋಣಿಸಬಹುದು ಎಂದು ಕಾಗದದ ಮೇಲೆ ತೋರುತ್ತದೆ. ಆದರೆ ಅಗ್ಗದ ಎಲ್‌ಇಡಿ ದೀಪಗಳ ಪವರ್ ಫ್ಯಾಕ್ಟರ್ 0.6ರ ಆಸುಪಾಸಿನಲ್ಲಿರುವುದುಂಟು. ಆಗ 200 ವ್ಯಾಟ್‌ನ ಒಂದು ದೀಪ ಎಳೆಯುವುದು 0.87 ಆಂಪಿಯರ್ ಅಲ್ಲ, ಸುಮಾರು 1.45 ಆಂಪಿಯರ್. ಹತ್ತು ದೀಪಗಳಿಗೇ 14.5 ಆಂಪಿಯರ್ ಆಯಿತು. ಆದ್ದರಿಂದ ವ್ಯಾಟ್ ನೋಡಿ ಲೆಕ್ಕ ಹಾಕದೆ, ದೀಪದ ಹಿಂಬದಿಯಲ್ಲಿ ಮುದ್ರಿಸಿರುವ ಆಂಪಿಯರ್ ನೋಡಿ ಲೆಕ್ಕ ಹಾಕಬೇಕು.

ಸಾಲಿನ ಮೊದಲ ದೀಪದ ಮೂಲಕ ಉಳಿದೆಲ್ಲ ದೀಪಗಳ ವಿದ್ಯುತ್ ಹರಿಯುತ್ತದೆ ಎಂಬುದನ್ನು ಮರೆಯಬಾರದು. ಕನೆಕ್ಟರ್ 16 ಆಂಪಿಯರ್‌ನದಾದರೂ, ದೀಪದೊಳಗಿನ ತಂತಿಯ ಸಾಮರ್ಥ್ಯ ಕಡಿಮೆಯಿರಬಹುದು. ಎಷ್ಟು ದೀಪಗಳನ್ನು ಪೋಣಿಸಬಹುದು ಎಂಬುದನ್ನು ತಯಾರಕರ ಕೈಪಿಡಿ ಹೇಳುತ್ತದೆ. ಅಲ್ಲದೆ ಸ್ವಿಚ್ ಹಾಕಿದ ಕ್ಷಣದಲ್ಲಿ ಎಲ್‌ಇಡಿ ದೀಪಗಳು ಕೆಲವು ಮಿಲಿಸೆಕೆಂಡ್ ಕಾಲ ಹಲವು ಪಟ್ಟು ಹೆಚ್ಚು ಪ್ರವಾಹವನ್ನು ಎಳೆಯುತ್ತವೆ. ಎಲ್ಲ ಸಾಲುಗಳನ್ನೂ ಒಟ್ಟಿಗೇ ಹೊತ್ತಿಸದೆ ಒಂದೊಂದಾಗಿ ಹೊತ್ತಿಸುವುದು ಇದಕ್ಕೆ ಸರಳ ಪರಿಹಾರ.

ಸಡಿಲ ಜೋಡಣೆಯ ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಡಲ ತಡಿಯ ಉಪ್ಪುಗಾಳಿಗೆ ಪಿನ್ನುಗಳು ಕಿಲುಬು ಹಿಡಿದು, ಕೂಡುವ ಜಾಗದಲ್ಲಿ 0.1 ಓಮ್‌ನಷ್ಟು ರೋಧ ಉಂಟಾಯಿತೆನ್ನೋಣ. 10 ಆಂಪಿಯರ್ ಹರಿದಾಗ ಅಲ್ಲಿ ಉತ್ಪತ್ತಿಯಾಗುವುದು 10 ವ್ಯಾಟ್ ಶಾಖ. ಹೆಬ್ಬೆರಳಿನಷ್ಟು ಚಿಕ್ಕ ಪ್ಲಾಸ್ಟಿಕ್ ಗೂಡಿನೊಳಗೆ ಅಷ್ಟು ಶಾಖ ಗಂಟೆಗಟ್ಟಲೆ ನಿಂತರೆ ಕನೆಕ್ಟರ್ ಕರಗುತ್ತದೆ.

ಜೀವ ಉಳಿಸುವ ಸಾಧನ ಬೇರೆಯೇ

ಕನೆಕ್ಟರ್ ಎಷ್ಟೇ ಉತ್ತಮವಾಗಿದ್ದರೂ ಅದು ಮೊದಲ ಬೇಲಿ ಮಾತ್ರ. ಬೇಲಿ ಮುರಿದಾಗ ಪ್ರಾಣ ಉಳಿಸುವುದು ಆರ್‌ಸಿಸಿಬಿ ಎಂಬ ಸಾಧನ. ಫೇಸ್‌ನಲ್ಲಿ ಹೋದ ಪ್ರವಾಹವೂ ನ್ಯೂಟ್ರಲ್‌ನಲ್ಲಿ ಮರಳಿದ ಪ್ರವಾಹವೂ ಸಮವಾಗಿವೆಯೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ವ್ಯತ್ಯಾಸವಾದರೆ ಎಲ್ಲೋ ಸೋರಿಕೆಯಾಗುತ್ತಿದೆ ಎಂದರ್ಥ. ಕೂಡಲೇ ವಿದ್ಯುತ್ ಕಡಿಯುತ್ತದೆ. ಮನುಷ್ಯರ ರಕ್ಷಣೆಗೆ ಬೇಕಾದುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. 100 ಅಥವಾ 300 ಮಿಲಿಆಂಪಿಯರ್‌ನವು ಬೆಂಕಿ ಅನಾಹುತದ ತಡೆಗೆ ಉಪಯುಕ್ತವೇ ಹೊರತು, ದೇಹದ ರಕ್ಷಣೆಗೆ ಸಾಲವು.

ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತದೆ ಎಂದು ದೂರಿ, ಅದನ್ನು ತೆಗೆದುಹಾಕಿ ನೇರವಾಗಿ ತಂತಿ ಜೋಡಿಸುವವರಿದ್ದಾರೆ. ಬೀಳುವುದಕ್ಕೆ ಕಾರಣವೂ ಇದೆ, ಪರಿಹಾರವೂ ಇದೆ. ಪ್ರತಿ ಎಲ್‌ಇಡಿ ದೀಪದ ಒಳಗಿನ ಫಿಲ್ಟರ್ ಸಹಜವಾಗಿಯೇ ಅತ್ಯಲ್ಪ ಪ್ರವಾಹವನ್ನು ಅರ್ಥ್‌ಗೆ ಬಿಡುತ್ತದೆ. ಒಂದು ದೀಪಕ್ಕೆ 0.7 ಮಿಲಿಆಂಪಿಯರ್ ಎಂದುಕೊಂಡರೂ 30 ದೀಪಗಳಿಗೆ 21 ಮಿಲಿಆಂಪಿಯರ್ ಆಗುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಆದ್ದರಿಂದ ಇಡೀ ರಂಗಕ್ಕೆ ಒಂದೇ ಆರ್‌ಸಿಸಿಬಿ ಇಡದೆ, ಎಂಟು ಹತ್ತು ದೀಪಗಳ ಪ್ರತಿ ಸಾಲಿಗೂ ಒಂದೊಂದು ಇಡಬೇಕು. ಆಗ ಒಂದು ಸಾಲು ಬಿದ್ದರೂ ರಂಗ ಕತ್ತಲಾಗದು; ದೋಷ ಎಲ್ಲಿದೆ ಎಂಬುದೂ ಬೇಗ ತಿಳಿಯುತ್ತದೆ.

ಜನರೇಟರ್ ಬಳಸುವಾಗ ಇನ್ನೊಂದು ಸೂಕ್ಷ್ಮವಿದೆ. ಸಣ್ಣ ಪೆಟ್ರೋಲ್ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಅನ್ನು ಅರ್ಥ್‌ಗೆ ಜೋಡಿಸಿರುವುದಿಲ್ಲ ಎಂಬುದೇ ಸಾಮಾನ್ಯ. ಆಗ ಸೋರಿದ ಪ್ರವಾಹಕ್ಕೆ ಮರಳುವ ದಾರಿ ಇಲ್ಲದಿರುವುದರಿಂದ ಆರ್‌ಸಿಸಿಬಿ ನಿರೀಕ್ಷೆಯಂತೆ ಕೆಲಸ ಮಾಡದಿರಬಹುದು. ನೆಲಕ್ಕೆ ಅರ್ಥ್ ಸರಳು ಹೊಡೆದು, ಒಂದೇ ಕಡೆಯಲ್ಲಿ ನ್ಯೂಟ್ರಲ್ ಮತ್ತು ಅರ್ಥ್‌ಗಳನ್ನು ಜೋಡಿಸುವ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದಾಗ ಅದು ಬಿದ್ದಿತೆಂದರೆ ಸಾಧನದ ಒಳಗಿನ ಯಂತ್ರ ಸರಿಯಿದೆ ಎಂದಷ್ಟೇ ಅರ್ಥ. ಅರ್ಥಿಂಗ್ ಸರಿಯಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಅದನ್ನು ಪ್ರತ್ಯೇಕವಾಗಿಯೇ ಅಳೆದು ನೋಡಬೇಕು.

ರಂಗದಲ್ಲಿ ಪಾಲಿಸಬೇಕಾದುದು

ಜೋಡಣೆಗಳನ್ನು ನೆಲದ ತಗ್ಗಿನಲ್ಲಿ ಬಿಡದೆ ಇಟ್ಟಿಗೆ ಅಥವಾ ಮರದ ತುಂಡಿನ ಮೇಲೆ ಎತ್ತರಿಸಿಡಬೇಕು. ಐಪಿ65 ಎಂಬುದು ಮಳೆಗೆ ತಡೆಯೇ ಹೊರತು ಹೊಂಡದಲ್ಲಿ ಮುಳುಗುವುದಕ್ಕೆ ಪರವಾನಗಿಯಲ್ಲ. ಕಂಬದ ಮೇಲಿನ ದೀಪಕ್ಕೆ ಹೋಗುವ ಕೇಬಲ್ ಕನೆಕ್ಟರ್‌ಗಿಂತ ಸ್ವಲ್ಪ ಕೆಳಗಿಳಿದು ಬಳಿಕ ಮೇಲೇರುವಂತೆ ಬಳುಕಿಸಿ ಕಟ್ಟಿದರೆ, ಹರಿದು ಬಂದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ.

ಜೋಡಣೆಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟುವುದು ಎಲ್ಲೆಡೆ ಕಾಣುವ ಉಪಾಯ. ಆದರೆ ಚೀಲದೊಳಗೆ ಒಮ್ಮೆ ಸೇರಿದ ತೇವ ಹೊರಬರಲಾರದು. ಇಬ್ಬನಿ ಒಳಗೇ ಹನಿಗಟ್ಟಿ ನಿಲ್ಲುತ್ತದೆ. ಇನ್ಸುಲೇಶನ್ ಟೇಪಿಗೂ ನೀರನ್ನು ತಡೆಯುವ ಗುಣವಿಲ್ಲ. ಇವೆರಡನ್ನೂ ಕನೆಕ್ಟರ್‌ಗೆ ಬದಲಿಯೆಂದು ಬಗೆಯಬಾರದು.

ಜೋರು ಮಳೆ ಬಂದು ಬೆಳಕು ಆರಿದಾಗ ಅವಸರದಲ್ಲಿ ಕನೆಕ್ಟರ್‌ಗಳನ್ನು ಕಳಚಲು ಓಡುವುದು ಸಹಜ. ಒದ್ದೆ ಕೈಯಲ್ಲಿ ಜೋಡಣೆ ಮುಟ್ಟುವ ಮೊದಲು ಪೆಟ್ಟಿಗೆಯಲ್ಲಿನ ಮುಖ್ಯ ಸ್ವಿಚ್ ಆರಿಸಬೇಕು. ಕಿಡಿ ತಾಳುವ ಕನೆಕ್ಟರ್ ಇದ್ದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ. ಆದ್ದರಿಂದಲೇ ಆ ಸ್ವಿಚ್ ಎಲ್ಲಿದೆ ಎಂಬುದು ಬೆಳಕಿನವರಿಗೆ ಮಾತ್ರವಲ್ಲ, ಸಂಘಟಕರಲ್ಲಿ ಕನಿಷ್ಠ ಇಬ್ಬರಿಗೂ ತಿಳಿದಿರಬೇಕು. ಸಿಡಿಲಿನ ಆರ್ಭಟ ಹತ್ತಿರವಾದರೆ ಯಾವ ಐಪಿ ಸಂಖ್ಯೆಯೂ ಕಾಯದು. ಆಟ ನಿಲ್ಲಿಸಿ ಜನರನ್ನು ಕಟ್ಟಡದೊಳಗೆ ಕಳುಹಿಸುವುದೊಂದೇ ದಾರಿ.

ಎರಡೂ ತುದಿಗಳಲ್ಲಿ ಗಂಡು ಪಿನ್ ಇರುವ ಕೇಬಲ್ ಅನ್ನು ಯಾವ ಕಾರಣಕ್ಕೂ ತಯಾರಿಸಬಾರದು. ಒಂದು ತುದಿಯನ್ನು ಸಾಕೆಟ್‌ಗೆ ಚುಚ್ಚಿದೊಡನೆ ಇನ್ನೊಂದು ತುದಿಯ ಬರಿ ಪಿನ್ನಿನಲ್ಲಿ 230 ವೋಲ್ಟ್ ನಿಂತಿರುತ್ತದೆ. ವಿವಿಧ ಬಗೆಯ ಕನೆಕ್ಟರ್‌ಗಳು ಬೆರೆತ ದಾಸ್ತಾನು ಇರುವಲ್ಲಿಯೇ ಇಂತಹ ಕೇಬಲ್‌ಗಳು ಹುಟ್ಟಿಕೊಳ್ಳುತ್ತವೆ. ಒಂದೇ ಬಗೆಗೆ ಅಂಟಿಕೊಳ್ಳಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಕಾರ್ಯಕ್ರಮ ಮುಗಿದ ಮರುದಿನ ಕನೆಕ್ಟರ್‌ಗಳನ್ನು ಬಿಚ್ಚಿ, ಮಣ್ಣು ಒರೆಸಿ, ನೆರಳಿನಲ್ಲಿ ಒಣಗಿಸಿ, ಮುಚ್ಚಳ ಹಾಕಿ ಇಡಬೇಕು. ಪಿನ್ನುಗಳ ಮೇಲೆ ಹಸಿರು ಕಿಲುಬು, ಕಪ್ಪು ಕಲೆ, ಕರಗಿದ ಗುರುತು, ಬಿರಿದ ವಾಷರ್ ಕಂಡರೆ ಅದನ್ನು ಬದಲಿಸಬೇಕೇ ಹೊರತು ತೇಪೆ ಹಾಕಬಾರದು.

ಖರ್ಚಿನ ಪ್ರಶ್ನೆ

ಇಷ್ಟೆಲ್ಲ ಒಮ್ಮೆಗೇ ಬದಲಿಸುವುದು ಸಣ್ಣ ಬಾಡಿಗೆದಾರರಿಗೆ ಹೊರೆಯೇ ಸರಿ. ಹಂತಹಂತವಾಗಿ ಮಾಡುವುದಾದರೆ ಕ್ರಮ ಹೀಗಿರಲಿ: ಮೊದಲು 30 ಮಿಲಿಆಂಪಿಯರ್ ಆರ್‌ಸಿಸಿಬಿಗಳೂ ಸರಿಯಾದ ಅರ್ಥಿಂಗೂ. ಬಳಿಕ ಮುಖ್ಯ ಕೇಬಲ್‌ಗೆ ಐಇಸಿ 60309. ಆಮೇಲೆ ನೆಲದಲ್ಲಿರುವ ಮತ್ತು ಕೈಗೆಟಕುವ ಎತ್ತರದಲ್ಲಿರುವ ದೀಪಗಳ ಕನೆಕ್ಟರ್‌ಗಳು, ಕೊನೆಗೆ ಮೇಲಿನವು. ದೀಪವೇ ಐಪಿ65 ಅಲ್ಲದಿದ್ದರೆ ಕನೆಕ್ಟರ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಅಂತಹ ದೀಪಗಳನ್ನು ಸಭಾಭವನಗಳ ಕೆಲಸಕ್ಕೆ ಮೀಸಲಿಡುವುದು ಸೂಕ್ತ. ಮುಚ್ಚಳಗಳಿಗೆ ತಗಲುವ ವೆಚ್ಚ ಇವೆಲ್ಲದರಲ್ಲೂ ಅತ್ಯಲ್ಪ. ಅದನ್ನು ಇಂದೇ ಕೊಳ್ಳಬಹುದು.

ಸಂಘಟಕರ ಪಾಲೂ ಇದರಲ್ಲಿದೆ. ಅತಿ ಕಡಿಮೆ ದರ ಹೇಳಿದವರಿಗೆ ಬೆಳಕಿನ ಗುತ್ತಿಗೆ ಕೊಡುವಾಗ, ಪ್ರತಿ ಸಾಲಿಗೂ ಆರ್‌ಸಿಸಿಬಿ ಇದೆಯೇ, ಅರ್ಥಿಂಗ್ ಯಾರು ಮಾಡುತ್ತಾರೆ, ಹೊರಗಿರುವ ಜೋಡಣೆಗಳು ಯಾವ ಬಗೆಯವು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಉತ್ತರ ಕೊಡಬಲ್ಲವರು ಕೇಳುವ ಹೆಚ್ಚಿನ ಹಣ ಬೆಳಕಿಗೆ ಕೊಟ್ಟದ್ದಲ್ಲ. ಆ ಬೆಳಕಿನ ಕೆಳಗೆ ಕುಣಿಯುವವರ, ಕುಳಿತು ನೋಡುವವರ ಕ್ಷೇಮಕ್ಕೆ ಕೊಟ್ಟದ್ದು.